ಮೂರು ಎಕರೆಯಲ್ಲಿ ನೂರಾ ಮೂವತ್ತು ಗುಂಟೆ

ಹೋದ ಭಾನುವಾರ ಅಕ್ಕ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಅವರೆಕಾಯಿ ಕಾಲ. ಅಕ್ಕ, ನನ್ನ ಹೆಂಡತಿ ಇಬ್ಬರೂ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯಲು ಕೂತರು. ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಜಗಲಿಗೆ ಬಂದಳು. ಆರನೇ ಕ್ಲಾಸು. ಮೊದಲನೇ ಲೆಕ್ಕ 1/2 + 1/3. ಇವಳ ಉತ್ತರ 2/5. ಮಿಸ್ ಕೆಂಪು ಇಂಕಿನಲ್ಲಿ ಅಡ್ಡಗೀಟು ಹಾಕಿದ್ದರು.

"ಮಾಮ, ಒಂದೂ ಒಂದೂ ಎರಡು. ಎರಡೂ ಮೂರೂ ಐದು. ಇದ್ರಲ್ಲಿ ತಪ್ಪೇನಿದೆ?"

ನನಗೆ ನಗು ಬಂತು. ಅವಳನ್ನು ಕಂಡಲ್ಲ, ನನ್ನ ಹಣೆಬರಹ ಕಂಡು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವತ್ತೆಂಟು ತೆಗೆದು ಪಾಸಾದವನು ನಾನು. ಇನ್ನು ಲೆಕ್ಕದ ಸಹವಾಸವೇ ಬೇಡ ಅಂತ ಆರ್ಟ್ಸ್ ತಗೊಂಡೆ. ಆಮೇಲೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಗುಬ್ಬಿಯಲ್ಲಿ ಪತ್ರ ಬರೆಯುವ ಕೆಲಸ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಿಲ್ಲು. ಹತ್ತೊಂಬತ್ತು ವರ್ಷವಾಯಿತು. ಬೆಳಗಾದರೆ ಭಿನ್ನರಾಶಿ, ಬೈಗಾದರೆ ಭಿನ್ನರಾಶಿ. ಮೂರನೇ ಒಂದು ಭಾಗ, ಅದರಲ್ಲಿ ನಾಲ್ಕನೇ ಒಂದು ಭಾಗ, ಅದರಲ್ಲಿ ತಂಗಿಗೆ ಕೊಟ್ಟಿದ್ದು ಹೋಗಿ ಉಳಿದದ್ದು. ಯಾವುದರಿಂದ ಓಡಿ ಹೋಗಿದ್ದೆನೋ ಅದೇ ಇವತ್ತು ಅನ್ನ ಹಾಕುತ್ತಿದೆ.

ಪುಸ್ತಕದಲ್ಲಿ ಚಪಾತಿ ಕತ್ತರಿಸುವ ಚಿತ್ರ ಇತ್ತು. ಆ ಉದಾಹರಣೆ ನನಗೆ ಯಾವತ್ತೂ ಹಿಡಿಸಿಲ್ಲ. ನಮ್ಮ ಕಡೆ ಯಾರೂ ಚಪಾತಿಯನ್ನು ಮೂರು ಪಾಲು ಮಾಡಿ ತಿನ್ನುವುದಿಲ್ಲ. ಮಾಡಿದರೂ ಮೂರೂ ಸಮ ಇರುವುದಿಲ್ಲ. ಜಮೀನು ಹಾಗಲ್ಲ. ಅಲ್ಲಿ ಅರ್ಧ ಆಣೆ (ಗುಂಟೆಯ ಹದಿನಾರನೇ ಒಂದು ಭಾಗ ಒಂದಾಣೆ) ಹೆಚ್ಚುಕಮ್ಮಿ ಆದರೂ ಕಲ್ಲು ಕಿತ್ತು ಹಾಕುತ್ತಾರೆ.

"ಪುಟ್ಟೀ, ಮೂರು ಎಕರೆ ಹೊಲ ಇದೆ ಅಂತ ಇಟ್ಕೋ. ಎಕರೆಗೆ ನಲವತ್ತು ಗುಂಟೆ. ಒಟ್ಟು?"

"ನೂರಿಪ್ಪತ್ತು."

"ಅದರಲ್ಲಿ ಅರ್ಧ?"

"ಅರವತ್ತು."

"ಮೂರನೇ ಒಂದು ಭಾಗ?"

"ನಲವತ್ತು."

"ಎರಡೂ ಸೇರಿದ್ರೆ ನೂರು ಗುಂಟೆ, ಅಲ್ವಾ? ಈಗ ನಿನ್ನ ಉತ್ತರ ನೋಡು. ಐದನೇ ಎರಡು ಭಾಗ ಎಷ್ಟಾಯ್ತು?"

ಬೆರಳು ಮಡಚಿ ಲೆಕ್ಕ ಹಾಕಿದಳು. "ನಲವತ್ತೆಂಟು."

"ಅರವತ್ತು ಗುಂಟೆ ಇಟ್ಕೊಂಡಿದ್ದೋನಿಗೆ ಇನ್ನೂ ನಲವತ್ತು ಕೊಟ್ವಿ. ಅದು ನಲವತ್ತೆಂಟಾಯ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಐವತ್ತೆರಡು ಗುಂಟೆ ಯಾರೋ ಒತ್ತುವರಿ ಮಾಡವ್ರೆ ಮಾಮ" ಅಂದಳು.

ಒಳಗೆ ಅಕ್ಕ ಜೋರಾಗಿ ನಕ್ಕಳು. ನನ್ನ ಜೊತೆ ಓಡಾಡಿ ಹುಡುಗಿಗೆ ಭಾಷೆಯೂ ಅಂಟಿದೆ.

ತಪ್ಪು ಎಲ್ಲಿದೆ ಅಂದರೆ, ಅರ್ಧದ ತುಂಡು ಬೇರೆ ಅಳತೆ, ಮೂರನೇ ಒಂದರ ತುಂಡು ಬೇರೆ ಅಳತೆ. ಒಂದು ಅರವತ್ತು ಗುಂಟೆಯದು, ಇನ್ನೊಂದು ನಲವತ್ತರದು. "ಎರಡು ತುಂಡು" ಅಂತ ಎಣಿಸಿದರೆ ಏನೂ ತಿಳಿಯುವುದಿಲ್ಲ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಬೇಕು. ಇಪ್ಪತ್ತು ಗುಂಟೆಯ ತುಂಡು ಮಾಡಿದರೆ ಅರ್ಧದಲ್ಲಿ ಅಂಥವು ಮೂರು, ಮೂರನೇ ಒಂದರಲ್ಲಿ ಎರಡು. ಒಟ್ಟು ಐದು. ಇಡೀ ಹೊಲದಲ್ಲಿ ಅಂಥ ತುಂಡು ಆರಿವೆ. ಹಾಗಾಗಿ 3/6 + 2/6 = 5/6. ನೂರಿಪ್ಪತ್ತರಲ್ಲಿ ನೂರು. ಸರಿಹೋಯಿತು.

ಇದನ್ನೇ ನಾವು ಅಂಗಡಿಯಲ್ಲಿ ಗೊತ್ತಿಲ್ಲದೆ ಮಾಡುತ್ತಿರುತ್ತೇವೆ. ಅರ್ಧ ಕೇಜಿ ಬೆಲ್ಲ, ಇನ್ನೊಂದು ಕಾಲು ಹಾಕಿ ಅಂದರೆ ಮುಕ್ಕಾಲು ಅಂತ ಯಾರು ಬೇಕಾದರೂ ಹೇಳುತ್ತಾರೆ. ಅರ್ಧ ಅಂದರೆ ಎರಡು ಕಾಲು ಅಂತ ನಾಲಿಗೆಗೇ ಗೊತ್ತು. ಆ "ಮುಕ್ಕಾಲು" ಅನ್ನುವ ಪದದಲ್ಲೇ ಲೆಕ್ಕ ಮುಗಿದಿದೆ, ಮೂರು ಕಾಲು ಅಂತ. ಕೈ ಕಟ್ಟುವುದು ಮೂರು, ಐದು, ಏಳು ಬಂದಾಗ.

ಈಗ ನನ್ನ ಮಾನ ಹೋದ ಕಥೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ನಾನು ಯಾರ ಹತ್ತಿರ ಕೆಲಸ ಕಲಿಯುತ್ತಿದ್ದೆನೋ ಆ ಹಿರಿಯರು ಊಟಕ್ಕೆ ಹೋಗಿದ್ದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಒಬ್ಬರು ಯಜಮಾನರು ವಿಲ್ಲು ಬರೆಸಲು ಬಂದರು. ಮೂರು ಎಕರೆ ಸ್ವಂತ ದುಡಿಮೆಯ ಜಮೀನು. ಹೆಂಡತಿಗೆ ಅರ್ಧ, ಮಗನಿಗೆ ಮೂರನೇ ಒಂದು, ಮಗಳಿಗೆ ಕಾಲು. ಎಲ್ಲಾ ಯೋಚನೆ ಮಾಡಿಕೊಂಡೇ ಬಂದಿದ್ದರು. ನನಗೂ ಭಾರೀ ಉತ್ಸಾಹ. ದುಂಡಗಿನ ಅಕ್ಷರದಲ್ಲಿ ಎರಡು ಪುಟ ಡ್ರಾಫ್ಟ್ ಬರೆದು ಇಟ್ಟೆ.

ಹಿರಿಯರು ಬಂದು ಕನ್ನಡಕ ಹಾಕಿಕೊಂಡು ಓದಿದರು. ಪೆನ್ನು ಕೆಳಗಿಟ್ಟರು.

"ಜಮೀನು ಎಷ್ಟಯ್ಯಾ?"

"ಮೂರು ಎಕರೆ ಸಾರ್."

"ನೀನು ಹಂಚಿರೋದು ಮೂರು ಎಕರೆ ಹತ್ತು ಗುಂಟೆ. ಆ ಹತ್ತು ಗುಂಟೆ ಏನು ನಿಮ್ಮಪ್ಪಂದಾ?"

ಅರವತ್ತು, ನಲವತ್ತು, ಮೂವತ್ತು. ನೂರಾ ಮೂವತ್ತು! ಕಾಗದದ ಮೇಲೆ 1/2, 1/3, 1/4 ಅಂತ ನೋಡಿದಾಗ ಏನೂ ಅನಿಸಿರಲಿಲ್ಲ. ಛೇದ, ಅಂದರೆ ಗೀಟಿನ ಕೆಳಗಿನ ಸಂಖ್ಯೆ, ಬೇರೆ ಬೇರೆ ಇದ್ದರೆ ಅದೇ ಮೋಸ. ಒಟ್ಟು ಎಷ್ಟಾಯಿತು ಅಂತ ಕಣ್ಣಿಗೆ ಕಾಣುವುದಿಲ್ಲ. ಹನ್ನೆರಡಕ್ಕೆ ತಂದು 6/12, 4/12, 3/12 ಅಂತ ಬರೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಹನ್ನೆರಡು ಪಾಲಿರುವ ಹೊಲದಲ್ಲಿ ಹದಿಮೂರು ಪಾಲು ಹಂಚಿದ್ದೆ.

ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಹದಿಮೂರೇ ಮಾಡ್ಬಿಡಿ ಸ್ವಾಮಿ. ಆರು, ನಾಲ್ಕು, ಮೂರು" ಅಂದರು. ಶಾಲೆ ಮೆಟ್ಟಿಲು ಹತ್ತದವರು. ಲೆಕ್ಕ ಸೊಗಸಾಗಿಯೇ ಇತ್ತು. ಆದರೆ ನೂರಿಪ್ಪತ್ತು ಗುಂಟೆಯನ್ನು ಹದಿಮೂರು ಪಾಲು ಮಾಡಿದರೆ ಒಂದಕ್ಕೆ ಒಂಬತ್ತು ಗುಂಟೆ ಮೂರೂ ಚಿಲ್ಲರೆ ಆಣೆ ಬರುತ್ತದೆ. ನಾಳೆ ಸರ್ವೆಯವರು ಕಲ್ಲು ಹಾಕುವಾಗ ರಗಳೆ ಅಂತ ಹಿರಿಯರು ಒಪ್ಪಲಿಲ್ಲ. ಕೊನೆಗೆ ಹೆಂಡತಿಗೆ 5/12, ಮಗನಿಗೆ 4/12, ಮಗಳಿಗೆ 3/12 ಅಂತ ಆಯಿತು. ಐವತ್ತು, ನಲವತ್ತು, ಮೂವತ್ತು. ಹೆಚ್ಚಾಗಿದ್ದ ಒಂದು ಪಾಲು ಹೆಂಡತಿಯ ಕೈಯಿಂದಲೇ ಹೋಯಿತು. ಅವತ್ತು ಅದು ನನ್ನ ತಲೆಗೆ ಹೋಗಲೂ ಇಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪತ್ರದಲ್ಲಿ ಎಷ್ಟು ಭಿನ್ನರಾಶಿ ಇವೆಯೋ ಅಷ್ಟನ್ನೂ ಒಂದು ಚೀಟಿಯಲ್ಲಿ ಒಂದೇ ಛೇದಕ್ಕೆ ತಂದು ಕೂಡಿಸುತ್ತೇನೆ. ಪೂರ್ತಿ ಒಂದು ಬರದಿದ್ದರೆ ಪತ್ರ ಟೈಪಿಗೆ ಹೋಗುವುದಿಲ್ಲ.

ಆ ಒಂದೇ ಛೇದ ಹುಡುಕುವುದನ್ನೂ ಆ ಹಿರಿಯರೇ ಹೇಳಿಕೊಟ್ಟರು. ಶಾಲೆಯಲ್ಲಿ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಅಂತ ಏಣಿ ಹಾಕಿ ಭಾಗಿಸುತ್ತಾರಲ್ಲ, ಅದಲ್ಲ. "ಇರೋದರಲ್ಲಿ ದೊಡ್ಡ ಛೇದದ ಮಗ್ಗಿ ಹೇಳ್ತಾ ಹೋಗು. ಮಿಕ್ಕಿದ್ದವೆಲ್ಲ ಯಾವುದರಲ್ಲಿ ಸರಿಯಾಗಿ ಹೋಗ್ತವೋ ಅಲ್ಲಿ ನಿಲ್ಲು." ಅಷ್ಟೇ.

ಒಂದು ಲೆಕ್ಕ ಹೇಳುತ್ತೇನೆ. ಇಂಥದ್ದು ನನ್ನ ಟೇಬಲ್ಲಿಗೆ ತಿಂಗಳಿಗೊಂದಾದರೂ ಬರುತ್ತದೆ. ಆರು ಎಕರೆ ಜಮೀನು, ಮೂರು ಜನ ಅಣ್ಣತಮ್ಮಂದಿರ ಕವಲು. ಒಬ್ಬನಿಗೆ ಅಪ್ಪನ ಕಡೆಯಿಂದ 1/3 ಬಂತು. ದೊಡ್ಡಪ್ಪನ 1/3 ಅವರ ನಾಲ್ಕು ಮಕ್ಕಳಿಗೆ ಹಂಚಿಹೋಗಿ ತಲಾ 1/12 ಆಗಿತ್ತು. ಅದರಲ್ಲಿ ಒಬ್ಬರ ಪಾಲನ್ನು ಇವನು ಕ್ರಯಕ್ಕೆ ತಗೊಂಡ. ಆಮೇಲೆ ತಂಗಿಗೆ 1/8 ದಾನಪತ್ರ ಮಾಡಿಕೊಟ್ಟ. ಈಗ ಇವನ ಹೆಸರಲ್ಲಿ ಉಳಿದದ್ದೆಷ್ಟು?

1/3 + 1/12 − 1/8. ದೊಡ್ಡ ಛೇದ ಹನ್ನೆರಡು. ಹನ್ನೆರಡೊಂದ್ಲಿ ಹನ್ನೆರಡು, ಅದರಲ್ಲಿ ಎಂಟು ಹೋಗಲ್ಲ. ಹನ್ನೆರಡೆರಡ್ಲಿ ಇಪ್ಪತ್ತನಾಲ್ಕು, ಅದರಲ್ಲಿ ಮೂರೂ ಹೋಗುತ್ತೆ, ಎಂಟೂ ಹೋಗುತ್ತೆ. ನಿಲ್ಲು. 8/24 + 2/24 − 3/24 = 7/24. ಆರು ಎಕರೆ ಅಂದರೆ 240 ಗುಂಟೆ. ಅದರಲ್ಲಿ ಇಪ್ಪತ್ತನಾಲ್ಕನೇ ಒಂದು ಭಾಗ ಹತ್ತು ಗುಂಟೆ. ಏಳು ಪಾಲಿಗೆ ಎಪ್ಪತ್ತು. ಅಂದರೆ ಒಂದು ಎಕರೆ ಮೂವತ್ತು ಗುಂಟೆ. ಗುಂಟೆಯಲ್ಲೇ ತಾಳೆ ನೋಡಿ: ಎಂಬತ್ತು ಇತ್ತು, ಇಪ್ಪತ್ತು ಬಂತು, ಮೂವತ್ತು ಹೋಯಿತು.

ಮೂರು ಛೇದಗಳನ್ನೂ ಸುಮ್ನೆ ಗುಣಿಸಿ 288 ಮಾಡಿದರೂ ಉತ್ತರ ಬರುತ್ತದೆ. 96 + 24 − 36, ಒಟ್ಟು 84/288. ತಪ್ಪಲ್ಲ. ಹನ್ನೆರಡರಿಂದ ಸಂಕ್ಷೇಪಿಸಿದರೆ ಅದೇ 7/24. ಆದರೆ ಪತ್ರದಲ್ಲಿ "288ರಲ್ಲಿ 84 ಭಾಗ" ಅಂತ ಬರೆದರೆ ಓದಿದವರು ಹೆದರಿಕೊಳ್ಳುತ್ತಾರೆ.

ಹುಡುಗಿಗೆ ಇದನ್ನೆಲ್ಲ ಹೇಳಲಿಲ್ಲ ಬಿಡಿ. ಅವಳಿಗೆ ಮಗ್ಗಿ ಹೇಳುವ ಉಪಾಯ ಮಾತ್ರ ಕೊಟ್ಟೆ. 1/6 + 1/8 ಇತ್ತು. ಎಂಟು, ಹದಿನಾರು, ಇಪ್ಪತ್ತನಾಲ್ಕು ಅಂದು ನಿಲ್ಲಿಸಿದಳು. 4/24 + 3/24 = 7/24. "ಇದೂ ಏಳು ಬೈ ಇಪ್ಪತ್ತನಾಲ್ಕೇ ಬಂತು" ಅಂದುಕೊಂಡೆ ಮನಸ್ಸಿನಲ್ಲೇ.

ನಲವತ್ತು ಗುಂಟೆ, ಹದಿನಾರು ಆಣೆ ಅನ್ನುವ ಈ ಅಳತೆಗಳ ಬಗ್ಗೆ ಒಂದು ಮಾತು. ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಗುಂಟೆಗೆ ಹದಿನಾರು ಆಣೆ. ಹದಿನಾರು ಬಹಳ ಒಳ್ಳೆಯ ಸಂಖ್ಯೆ. ಅರ್ಧ ಎಂಟು, ಕಾಲು ನಾಲ್ಕು, ಅರೆಕಾಲು ಎರಡು, ವೀಸ ಒಂದು. ನಮ್ಮಜ್ಜಿ ವೀಸದವರೆಗೂ ಬಾಯಿಲೆಕ್ಕದಲ್ಲೇ ಇಳಿಯುತ್ತಿದ್ದಳು. ಇವುಗಳನ್ನು ಕೂಡಿಸಲು ಲ.ಸಾ.ಅ. ಬೇಕೇ ಇಲ್ಲ, ಎಲ್ಲಾ ಆಣೆಯಲ್ಲಿ ಹೇಳಿದರೆ ಮುಗಿಯಿತು. ಕಾಲು, ಅರೆಕಾಲು ಸೇರಿದರೆ ಆರಾಣೆ. ಸಾಮಾನ್ಯ ಛೇದವನ್ನು ಹಿರಿಯರು ಮೊದಲೇ ಹುಡುಕಿ ಅಳತೆಯೊಳಗೆ ಇಟ್ಟುಬಿಟ್ಟಿದ್ದಾರೆ.

ಮೂರು ಜನ ಮಕ್ಕಳಾದರೆ ಮಾತ್ರ ಇದು ಕೈಕೊಡುತ್ತದೆ. ನಲವತ್ತರಲ್ಲೂ ಮೂರು ಹೋಗಲ್ಲ, ಹದಿನಾರರಲ್ಲೂ ಹೋಗಲ್ಲ. ಒಂದು ಎಕರೆಯನ್ನು ಮೂರು ಪಾಲು ಮಾಡಿದರೆ ತಲಾ ಹದಿಮೂರು ಗುಂಟೆ ಐದಾಣೆ. ಮೂರೂ ಸೇರಿಸಿದರೆ ಮೂವತ್ತೊಂಬತ್ತು ಗುಂಟೆ ಹದಿನೈದಾಣೆ. ಒಂದಾಣೆ ಜಾಗ ಮಿಕ್ಕುತ್ತದೆ. ಒಂದಾಣೆ ಅಂದರೆ ಎಂಟು ಅಡಿ ಮೂರು ಇಂಚು ಉದ್ದ, ಅಷ್ಟೇ ಅಗಲ. ಒಂದು ಪಂಪ್ ಮನೆ ಕಟ್ಟುವಷ್ಟು! ಹಾಗೆ ಮಿಕ್ಕ ಜಾಗವನ್ನು ಬೋರ್‌ವೆಲ್ ಪಕ್ಕಕ್ಕೆ ತಳ್ಳಿ "ಮೂವರಿಗೂ ಜಂಟಿ" ಅಂತ ಬರೆದು ಎಷ್ಟೋ ಜಗಳ ನಿಲ್ಲಿಸಿದ್ದೇನೆ. ಹೊಸ ಜಗಳ ಹುಟ್ಟಿಸಿದ್ದೂ ಇದೆ, ಸುಳ್ಳು ಯಾಕೆ ಹೇಳಲಿ.

ಹಳೇ ರೂಪಾಯಿ ಈ ವಿಷಯದಲ್ಲಿ ಜಾಣ. ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಒಟ್ಟು 192 ಪೈ. ಮೂವರಿಗೆ ಹಂಚಿದರೆ ತಲಾ 64, ಉಳಿಕೆ ಇಲ್ಲ. 1957ರಲ್ಲಿ ನೂರು ಪೈಸೆಯ ರೂಪಾಯಿ ಬಂತು. ಮೂವರಿಗೆ ಮೂವತ್ತಮೂರು ಕೊಟ್ಟರೆ ಒಂದು ಪೈಸೆ ಅನಾಥ.

ಈಗಿನ ಕಾಲದ ದೊಡ್ಡ ಕಾಟ ಮೊಬೈಲ್ ಕ್ಯಾಲ್ಕುಲೇಟರು. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಜನ 2.20 ಅಂತ ಚುಕ್ಕಿ ಇಟ್ಟು ಬರೆಯುತ್ತಾರೆ. ಒಂದು ಎಕರೆ ಮೂವತ್ತು ಗುಂಟೆ 1.30. ಎರಡನ್ನೂ ಮೊಬೈಲಿನಲ್ಲಿ ಕೂಡಿಸಿದರೆ 3.5 ತೋರಿಸುತ್ತದೆ. "ಮೂರೂವರೆ ಎಕರೆ ಆಯ್ತು ನೋಡಿ" ಅಂತ ನನಗೇ ತೋರಿಸುತ್ತಾರೆ. ನಿಜವಾಗಿ ಅದು ನಾಲ್ಕು ಎಕರೆ ಹತ್ತು ಗುಂಟೆ. ಮೂವತ್ತು ಗುಂಟೆಯನ್ನು ಮೊಬೈಲು ನುಂಗಿ ನೀರು ಕುಡಿದಿರುತ್ತದೆ. ಆ ಚುಕ್ಕಿಯ ಹಿಂದಿನ ಛೇದ ನಲವತ್ತು, ಮೊಬೈಲು ತಿಳಿದುಕೊಂಡಿದ್ದು ನೂರು.

ಕಳೆಯುವಾಗ ಇನ್ನೂ ತಮಾಷೆ. ಮೂರು ಎಕರೆ ಹತ್ತು ಗುಂಟೆಯಲ್ಲಿ ಒಂದು ಎಕರೆ ಇಪ್ಪತ್ತೈದು ಗುಂಟೆ ಮಾರಿದರೆ ಮೊಬೈಲಿನ ಪ್ರಕಾರ ಉಳಿದದ್ದು 1.85. ಎಂಬತ್ತೈದು ಗುಂಟೆ ಎಲ್ಲಿಂದ ಬಂತು? ಹತ್ತರಲ್ಲಿ ಇಪ್ಪತ್ತೈದು ಹೋಗಲ್ಲ, ಒಂದು ಎಕರೆ ಒಡೆದು ನಲವತ್ತು ಗುಂಟೆ ತರಬೇಕು. ಎರಡು ಎಕರೆ ಐವತ್ತು ಗುಂಟೆ ಆಯಿತು. ಈಗ ಕಳೆದರೆ ಒಂದು ಎಕರೆ ಇಪ್ಪತ್ತೈದು. ಶಾಲೆಯ ಭಾಷೆಯಲ್ಲಿ ಇದು ಮೂರೂಕಾಲರಲ್ಲಿ ಒಂದು ಪೂರ್ಣಾಂಕ 5/8 ಕಳೆಯುವ ಲೆಕ್ಕ. ಕಾಲು ಅಂದರೆ 2/8. ಎರಡರಲ್ಲಿ ಐದು ಹೋಗಲ್ಲ, ಒಂದು ಪೂರ್ಣವನ್ನು ಒಡೆದು 8/8 ತರಬೇಕು. 10/8ರಲ್ಲಿ 5/8 ಕಳೆದರೆ 5/8. ಉತ್ತರ ಒಂದು ಪೂರ್ಣಾಂಕ 5/8. ಹುಡುಗಿಗೆ ಇದು ಒಂದೇ ಸಲಕ್ಕೆ ಹತ್ತಿತು. ದೊಡ್ಡವರಿಗೆ ಹತ್ತಿಸಲು ನನಗೆ ಅರ್ಧ ಗಂಟೆ ಬೇಕು.

ಒಮ್ಮೆ ನಿವೃತ್ತ ಕನ್ನಡ ಲೆಕ್ಚರರ್ ಒಬ್ಬರು ಸೈಟಿನ ಪತ್ರಕ್ಕೆ ಬಂದಿದ್ದರು. ಕರೆಂಟ್ ಹೋಗಿ ಕೂತಿದ್ದೆವು. ನನ್ನ ಚೀಟಿ ನೋಡಿ, "ನೀವು ಮಾಡ್ತಿರೋದಕ್ಕೆ ಹಳೇ ಹೆಸರು ಗೊತ್ತೇನ್ರೀ? ಕಲಾಸವರ್ಣ" ಅಂದರು. ಸವರ್ಣ ಅಂದರೆ ಒಂದೇ ಬಣ್ಣದ್ದು. ಬೇರೆ ಬೇರೆ ಬಣ್ಣದ ತುಂಡುಗಳನ್ನು ಒಂದೇ ಬಣ್ಣಕ್ಕೆ ತರುವುದು. ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗೆ ಅಂತಲೇ ಒಂದು ಅಧ್ಯಾಯ ಇಟ್ಟಿದ್ದಾರಂತೆ, ಅದಕ್ಕೆ ಇದೇ ಹೆಸರು. ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು. ಲ.ಸಾ.ಅ.ಗೆ ಅವರು ಇಟ್ಟ ಹೆಸರು ನಿರುದ್ಧ. "ಕಲೆ" ಅನ್ನುವ ಪದಕ್ಕೆ ಹದಿನಾರನೇ ಒಂದು ಭಾಗ ಅನ್ನುವ ಅರ್ಥವೂ ಇದೆ, ಚಂದ್ರನಿಗೆ ಹದಿನಾರು ಕಲೆ ಅನ್ನಲ್ವಾ, ಹಾಗೆ. ನಮ್ಮ ಪಹಣಿಯ ಆಣೆಗೂ ಚಂದ್ರನಿಗೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ಅವತ್ತು ಖುಷಿಯಾಯಿತು. ಪತ್ರದ ಫೀಸಿನಲ್ಲಿ ಅವರಿಗೆ ನೂರು ರೂಪಾಯಿ ಬಿಟ್ಟೆ.

ಕಳೆಯುವ ಲೆಕ್ಕದಲ್ಲಿ ನಾನು ಜಾಸ್ತಿ ಮಾಡಿರುವುದು ಒಂದೇ ಥರದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತಾಯಿತು. 2020ರಲ್ಲಿ ಸುಪ್ರೀಂ ಕೋರ್ಟು, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಕಾನೂನು ಬಂದ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂದಿತು. ನನ್ನ ಟೇಬಲ್ಲಿನ ಮೇಲೆ ಬದಲಾಗಿದ್ದು ಛೇದ. ಮೂವರು ಅಣ್ಣತಮ್ಮಂದಿರು ಬಂದು ಕೂರುತ್ತಾರೆ, ಊರಲ್ಲಿ ಇಬ್ಬರು ತಂಗಿಯರಿದ್ದಾರೆ. ಮೂರು ಇದ್ದದ್ದು ಐದಾಯಿತು. "ನಂಗೆ ಎಷ್ಟು ಕಮ್ಮಿ ಆಯ್ತದೆ ಅಣ್ಣಾ?" ಅಂತ ಒಬ್ಬ ಕೇಳುತ್ತಾನೆ. 1/3 − 1/5. ಹದಿನೈದಕ್ಕೆ ತಂದರೆ 5/15 − 3/15 = 2/15. ಮೂರು ಎಕರೆಯಲ್ಲಿ ಹದಿನಾರು ಗುಂಟೆ. ಎಷ್ಟು ಕಮ್ಮಿ ಅಂತ ಎಲ್ಲರೂ ಕೇಳಿದ್ದಾರೆ. ತಂಗಿಯ ಪಾಲು ಎಷ್ಟು ಅಂತ ತಾವಾಗಿ ಕೇಳಿದವರು ಕಡಿಮೆ.

ಹುಡುಗಿಯ ಏಳನೇ ಲೆಕ್ಕ 1/2 − 1/3 ಇತ್ತು. ಹೊತ್ತಾಗಿತ್ತು, ಬೇಗ ಮುಗಿಸೋಣ ಅಂತ ಬಾಯಿಗೆ ಬಂದ ಉದಾಹರಣೆ ಹೇಳಿಬಿಟ್ಟೆ. "ನಮ್ಮ ತೋಟ ಇದೆಯಲ್ಲ, ಎರಡು ಎಕರೆ ಹತ್ತು ಗುಂಟೆ. ತೊಂಬತ್ತು ಗುಂಟೆ. ಅದರಲ್ಲಿ ಅರ್ಧ ಎಷ್ಟು?"

"ನಲವತ್ತೈದು."

"ಮೂರನೇ ಒಂದು?"

"ಮೂವತ್ತು. ಕಳೆದ್ರೆ ಹದಿನೈದು. ಆರನೇ ಒಂದು ಭಾಗ." ಪಟಪಟ ಹೇಳಿದಳು. ಆಮೇಲೆ ಪೆನ್ಸಿಲ್ ಕಚ್ಚುತ್ತಾ ಕೇಳಿದಳು, "ಅರ್ಧ ಯಾರ್ದು ಮಾಮ? ನಿಂದೂ ಚಿಕ್ಕ ಮಾಮಂದೂ ಅಲ್ವಾ? ಮತ್ತೆ ಮೂರನೇ ಒಂದು ಯಾರ್ದು?"

2011ರಲ್ಲಿ ನಾನು, ತಮ್ಮ ಭಾಗ ಆದೆವು. ತಲಾ ನಲವತ್ತೈದು ಗುಂಟೆ. ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. "ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ" ಅನ್ನುವ ಸಾಲು ಅದರಲ್ಲಿದೆ. ಆ ಡ್ರಾಫ್ಟ್ ಬರೆದವನು ನಾನೇ. ಅರಿಶಿನ ಕುಂಕುಮಕ್ಕೆ ಅಂತ ಸ್ವಲ್ಪ ದುಡ್ಡು ಕೊಟ್ಟೆವು. ಗೌರಿ ಹಬ್ಬಕ್ಕೆ ಬಾಗಿನ, ವರ್ಷಕ್ಕೊಂದು ಮೂಟೆ ತೆಂಗಿನಕಾಯಿ ತಪ್ಪದೆ ಹೋಗುತ್ತದೆ. ಆ ಪತ್ರಕ್ಕೂ ಚೀಟಿಯಲ್ಲಿ ಕೂಡಿಸಿ ನೋಡಿದ್ದೆ. ಅರ್ಧ, ಅರ್ಧ, ಸರಿಯಾಗಿ ಒಂದು ಬಂದಿತ್ತು.

"ಅದು ಸುಮ್ನೆ ಉದಾಹರಣೆ ಕಣೇ" ಅಂದೆ.

ಒಳಗೆ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಅಕ್ಕ, "ಲೆಕ್ಕ ಮುಗೀತೇನೋ? ಏಳ್ರಿ ಊಟಕ್ಕೆ" ಅಂತ ಕೂಗಿದಳು. ಹಿದುಕಿದ ಬೇಳೆ ಸಾರು, ಮುದ್ದೆ. ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೊರಡುವಾಗ ಅಕ್ಕನ ಚೀಲಕ್ಕೆ ಎರಡು ಕಾಯಿ ಜಾಸ್ತಿ ಹಾಕಿದೆ.

ಮಂಗಳವಾರ ಹುಡುಗಿ ವಾಟ್ಸಾಪಿನಲ್ಲಿ ನೋಟ್‌ಬುಕ್ಕಿನ ಫೋಟೋ ಕಳಿಸಿದ್ದಳು. ಎಂಟು ಲೆಕ್ಕಕ್ಕೂ ರೈಟ್ ಬಿದ್ದಿದೆ. ಏಳನೆಯದರಲ್ಲಿ 1/6 ಬರೆದು ಅದರ ಮುಂದೆ "= 15 ಗುಂಟೆ" ಅಂತ ಸೇರಿಸಿದ್ದಾಳೆ. ಮಿಸ್ ಆ ಗುಂಟೆಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಇಟ್ಟಿದ್ದಾರೆ.